ಮೀನು ಸಾಕುವುದೆಂದರೆ ನೀರು ಸಾಕುವುದು

ನಮ್ಮ ಮನೆಯ ಚಾವಡಿಯಲ್ಲಿ ನಾಲ್ಕಡಿ ಉದ್ದದ ಗಾಜಿನ ಮೀನುತೊಟ್ಟಿಯೊಂದಿದೆ. ಮನೆಗೆ ಬಂದ ಮಕ್ಕಳು ಚಪ್ಪಲಿ ಕಳಚಿದ ಕೂಡಲೇ ಓಡುವುದು ಅದರ ಬಳಿಗೆ. ಗಾಜಿಗೆ ಮೂಗು ಒತ್ತಿ ನಿಂತು ಅವರು ಕೇಳುವ ಪ್ರಶ್ನೆಗಳು ನನಗೆ ಬಾಯಿಪಾಠವಾಗಿವೆ. “ಟೀಚರ್, ಇದಕ್ಕೆ ಎಷ್ಟು ದುಡ್ಡಾಯಿತು?” “ಮೀನು ಎಲ್ಲಿಂದ ತಂದಿರಿ?” “ನಮ್ಮ ಮನೆಯಲ್ಲೂ ಇಡಬಹುದೇ?” ಕಳೆದ ಒಂಬತ್ತು ವರ್ಷಗಳಲ್ಲಿ ಇಂತಹ ಪ್ರಶ್ನೆಗಳನ್ನು ಕೇಳಿದವರು ಎಷ್ಟೋ ಮಂದಿ. ಆದರೆ “ಇದಕ್ಕೆ ಎಷ್ಟು ಹೊತ್ತು ಬೇಕು?” ಎಂದು ಕೇಳಿದವರು ಒಬ್ಬರೂ ಇಲ್ಲ. ನಿಜ ಹೇಳಬೇಕೆಂದರೆ, ತೊಟ್ಟಿಯನ್ನು ಕೊಳ್ಳುವ ಮೊದಲು ನಾನೂ ಆ ಪ್ರಶ್ನೆಯನ್ನು ಕೇಳಿರಲಿಲ್ಲ. ಕೇಳದಿದ್ದುದಕ್ಕೆ ದಂಡ ತೆತ್ತದ್ದು ಮಾತ್ರ ನಾನಲ್ಲ, ಮೀನುಗಳು. ಆದುದರಿಂದ ಯಾರೂ ಕೇಳದ ಆ ಪ್ರಶ್ನೆಗೆ ಉತ್ತರ ಹೇಳುವುದೇ ಈ ಲೇಖನದ ಉದ್ದೇಶ.

ಕನ್ನಡ ಪಾಠ ಹೇಳುವವಳಿಗೆ ಮೀನಿನ ಗೊಡವೆ ಏಕೆ ಎಂದು ನೀವು ಕೇಳಬಹುದು. ಹಾಗಾದರೆ ಶಬ್ದದಿಂದಲೇ ಆರಂಭಿಸೋಣ. ‘ಅಕ್ವೇರಿಯಂ’ ಎಂಬುದು ಲ್ಯಾಟಿನ್ ಶಬ್ದ. ‘ಅಕ್ವ’ ಎಂದರೆ ನೀರು. ಆ ಭಾಷೆಯಲ್ಲಿ ದನಕರುಗಳು ನೀರು ಕುಡಿಯುವ ಸ್ಥಳಕ್ಕೆ ಅಕ್ವೇರಿಯಂ ಎಂಬ ಹೆಸರಿತ್ತು. ಇಂಗ್ಲೆಂಡಿನ ಪ್ರಕೃತಿಶಾಸ್ತ್ರಜ್ಞ ಫಿಲಿಪ್ ಹೆನ್ರಿ ಗಾಸ್ ಎಂಬವರು 1854ರಲ್ಲಿ ತಮ್ಮ ಪುಸ್ತಕವೊಂದಕ್ಕೆ ಇದೇ ಹೆಸರನ್ನಿಟ್ಟ ಮೇಲೆ ಅದು ಈಗಿನ ಅರ್ಥದಲ್ಲಿ ಬಳಕೆಗೆ ಬಂತು. ಆ ಶಬ್ದದಲ್ಲಿ ಮೀನು ಇಲ್ಲವೇ ಇಲ್ಲ. ಇರುವುದು ನೀರು ಮಾತ್ರ. ನಾವು ಮಾತ್ರ ಮೀನನ್ನು ನೋಡುತ್ತೇವೆ, ನೀರನ್ನು ಮರೆಯುತ್ತೇವೆ. ಮೀನುತೊಟ್ಟಿಯ ಎಲ್ಲ ದುಡಿಮೆಯೂ, ಎಲ್ಲ ಸೋಲೂ ಈ ಮರೆವಿಗೆ ಸಂಬಂಧಪಟ್ಟದ್ದು.

ಭಾರದ ಲೆಕ್ಕ

ನಮ್ಮ ತೊಟ್ಟಿಯ ಉದ್ದ 120 ಸೆಂಟಿಮೀಟರು, ಅಗಲ 45, ಎತ್ತರ 45. ಅಂಚಿನವರೆಗೆ ತುಂಬಿದರೆ 243 ಲೀಟರು ಹಿಡಿಯುತ್ತದೆ. ಆದರೆ ಮೇಲೆ ಸ್ವಲ್ಪ ಜಾಗ ಬಿಡಬೇಕು. ತಳದಲ್ಲಿ ಮರಳು, ಕಲ್ಲುಗಳೂ ಇರುತ್ತವೆ. ಅವೆಲ್ಲ ಕಳೆದು ಉಳಿಯುವ ನೀರು ಹತ್ತಿರಹತ್ತಿರ 200 ಲೀಟರು. ಒಂದು ಲೀಟರು ನೀರಿನ ತೂಕ ಒಂದು ಕಿಲೋ ಎಂಬುದು ನಿಮಗೆ ಗೊತ್ತು. 200 ಕಿಲೋ ನೀರು, ಸುಮಾರು 50 ಕಿಲೋ ಗಾಜು, 40 ಕಿಲೋ ಮರಳು ಸೇರಿದರೆ ಮುನ್ನೂರು ಕಿಲೋದ ಸಮೀಪಕ್ಕೆ ಬರುತ್ತದೆ. ಅಂದರೆ ಐದು ಮಂದಿ ದೊಡ್ಡವರು ಒಂದೇ ಮೇಜಿನ ಮೇಲೆ ಹತ್ತಿ ಹಗಲೂ ರಾತ್ರಿ ಇಳಿಯದೆ ನಿಂತಂತೆ! ಓದುವ ಮೇಜು, ಹಳೆಯ ಕಪಾಟು ಇವೆಲ್ಲ ಇದಕ್ಕೆ ಸಾಲವು. ಗಟ್ಟಿಯಾದ ಕಬ್ಬಿಣದ ಸ್ಟ್ಯಾಂಡು ಬೇಕು, ನೆಲ ಸಮತಟ್ಟಾಗಿರಬೇಕು. ಒಮ್ಮೆ ತುಂಬಿಸಿದ ಮೇಲೆ ಆಚೀಚೆ ಸರಿಸುವಂತಿಲ್ಲ. ಕಿಟಕಿಯ ಬಿಸಿಲು ನೇರವಾಗಿ ಬೀಳುವಲ್ಲಿ ಇಟ್ಟರೆ ಪಾಚಿ ಕಟ್ಟಿ ನೀರು ಹಸಿರಾಗುತ್ತದೆ. ಆದುದರಿಂದ ಸ್ಥಳವನ್ನು ಆರಿಸುವುದಕ್ಕೇ ಒಂದು ದಿನ ಯೋಚಿಸಿದರೂ ತಪ್ಪಿಲ್ಲ.

ಹಾಗಾದರೆ ಚಿಕ್ಕ ಗಾಜಿನ ಬುರುಡೆಯಲ್ಲಿ ಒಂದು ಗೋಲ್ಡ್‌ಫಿಶ್ ಸಾಕಿದರೆ ಸುಲಭವಲ್ಲವೇ? ಅಲ್ಲ. ಒಂದು ಚಮಚ ಉಪ್ಪು ಒಂದು ಲೋಟ ನೀರನ್ನು ಕೆಡಿಸುತ್ತದೆ. ಒಂದು ಕೊಡಪಾನ ನೀರಿಗೆ ಬಿದ್ದರೆ ರುಚಿಯೇ ತಿಳಿಯುವುದಿಲ್ಲ. ಮೀನಿನ ಹೊಲಸಿನ ವಿಷಯವೂ ಹಾಗೆಯೇ. ನೀರು ಹೆಚ್ಚಿದ್ದಷ್ಟು ಅದು ನಿಧಾನವಾಗಿ ಕೆಡುತ್ತದೆ, ನಿಧಾನವಾಗಿ ಬಿಸಿಯಾಗುತ್ತದೆ, ನಿಧಾನವಾಗಿ ತಣಿಯುತ್ತದೆ. ದೊಡ್ಡ ತೊಟ್ಟಿ ನಮ್ಮ ಸಣ್ಣ ತಪ್ಪುಗಳನ್ನು ಕ್ಷಮಿಸುತ್ತದೆ. ಆದರೆ ಕ್ಷಮೆ ಬೇರೆ, ವಿನಾಯಿತಿ ಬೇರೆ. ತೊಟ್ಟಿ ದೊಡ್ಡದಾದಂತೆ ಹೊರಬೇಕಾದ ನೀರೂ ಹೆಚ್ಚುತ್ತದೆ.

ಕಾಣದ ಕೆಲಸಗಾರರು

ನೀರು ಕೆಡುವುದು ಎಂದರೇನು? ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯವನ್ನು ನೀರಿಗೆ ಬಿಡುತ್ತಿರುತ್ತದೆ. ತಿನ್ನದೆ ಉಳಿದ ಆಹಾರ, ಕೊಳೆತ ಎಲೆ ಇವುಗಳಿಂದಲೂ ಅಮೋನಿಯ ಉಂಟಾಗುತ್ತದೆ. ಹೊಳೆಯಲ್ಲಾದರೆ ಅದು ಹರಿದು ಹೋಗುತ್ತದೆ. ನಾಲ್ಕು ಗಾಜಿನ ಗೋಡೆಗಳ ನಡುವೆ ಅದು ಹೋಗುವುದಾದರೂ ಎಲ್ಲಿಗೆ? ಅಲ್ಲಿಯೇ ಉಳಿದು ಮೀನಿನ ಕಿವಿರನ್ನು ಸುಡುತ್ತದೆ. ನೋಡುವ ಕಣ್ಣಿಗೆ ನೀರು ಮಾತ್ರ ಸ್ಫಟಿಕದಂತೆ ತಿಳಿಯಾಗಿರಬಹುದು. ತಿಳಿನೀರೆಲ್ಲ ಶುದ್ಧ ನೀರಲ್ಲ ಎಂಬುದು ಮೀನು ಸಾಕುವವರು ಕಲಿಯಬೇಕಾದ ಮೊದಲ ಪಾಠ.

ಈ ವಿಷವನ್ನು ಕಳೆಯುವ ಕೆಲಸವನ್ನು ಬ್ಯಾಕ್ಟೀರಿಯಗಳು ಮಾಡುತ್ತವೆ. ಒಂದು ಬಗೆಯವು ಅಮೋನಿಯವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಅದೂ ವಿಷವೇ; ರಕ್ತಕ್ಕೆ ಸೇರಿ ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಕುಂದಿಸುತ್ತದೆ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಇದರ ಕೇಡು ಬಹಳ ಕಡಿಮೆ. ಸ್ವಲ್ಪವನ್ನು ನೀರಿನ ಗಿಡಗಳು ಹೀರಿಕೊಳ್ಳುತ್ತವೆ. ಉಳಿದುದನ್ನು ನಾವು ನೀರು ಬದಲಾಯಿಸಿ ಹೊರಹಾಕಬೇಕು. ನಮ್ಮ ತೋಟದ ಅಡಿಕೆ ಮರದ ಬುಡಕ್ಕೆ ಹಾಕಿದ ಹಟ್ಟಿಗೊಬ್ಬರವೂ ಮಣ್ಣಿನಲ್ಲಿ ಇದೇ ರೀತಿಯಲ್ಲಿ ಮಾರ್ಪಟ್ಟು ಬೇರಿಗೆ ಆಹಾರವಾಗುತ್ತದೆ. ತೋಟದ ಮಣ್ಣಿಗೂ ಚಾವಡಿಯ ತೊಟ್ಟಿಗೂ ನಿಯಮ ಒಂದೇ.

ಇಲ್ಲಿ ಒಂದು ಸ್ವಾರಸ್ಯದ ಸಂಗತಿ ಇದೆ. 1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಎಂಬವರು ಒಂದು ಗಾಜಿನ ಪಾತ್ರೆಯಲ್ಲಿ ಗೋಲ್ಡ್‌ಫಿಶ್‌ಗಳನ್ನೂ ನೀರಿನ ಗಿಡವನ್ನೂ ಬಸವನಹುಳುಗಳನ್ನೂ ಒಟ್ಟಿಗೆ ಇರಿಸಿ, ಅವು ಪರಸ್ಪರ ಆಧಾರವಾಗಿ ಬದುಕುವುದನ್ನು ತೋರಿಸಿಕೊಟ್ಟರು. ಗಿಡ ಆಮ್ಲಜನಕ ಕೊಡುತ್ತದೆ, ಕೊಳೆತ ಎಲೆಯನ್ನು ಬಸವನಹುಳು ತಿನ್ನುತ್ತದೆ ಎಂದು ಅವರು ಕಂಡುಕೊಂಡರು. ಆದರೆ ಆ ಪಾತ್ರೆಯಲ್ಲಿ ದುಡಿಯುತ್ತಿದ್ದ ಬ್ಯಾಕ್ಟೀರಿಯಗಳ ವಿಚಾರ ಆಗ ಯಾರಿಗೂ ತಿಳಿದಿರಲಿಲ್ಲ. ಮುಂದೆ ಅವರ ಮಗ, ಅದೇ ಹೆಸರಿನ ಇನ್ನೊಬ್ಬ ರಾಬರ್ಟ್ ವಾರಿಂಗ್ಟನ್, ರಾಥಮ್‌ಸ್ಟೆಡ್ ಎಂಬಲ್ಲಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮಣ್ಣನ್ನು ಪರೀಕ್ಷಿಸುತ್ತಾ, ಅಮೋನಿಯವು ಎರಡು ಹಂತಗಳಲ್ಲಿ ಎರಡು ಬಗೆಯ ಜೀವಿಗಳಿಂದ ನೈಟ್ರೇಟ್ ಆಗುತ್ತದೆಂಬುದನ್ನು ತೋರಿಸಿದರು. 1890ರ ಸುಮಾರಿಗೆ ವಿನೊಗ್ರಾಡ್‌ಸ್ಕಿ ಎಂಬ ವಿಜ್ಞಾನಿ ಆ ಜೀವಿಗಳನ್ನು ಬೇರ್ಪಡಿಸಿದರು. ತಂದೆಯ ಪಾತ್ರೆಯ ಗುಟ್ಟು ಮಗನ ಮಣ್ಣಿನಲ್ಲಿ ಹೊರಬಿತ್ತೆನ್ನಬಹುದು.

ಈ ಬ್ಯಾಕ್ಟೀರಿಯಗಳು ಫಿಲ್ಟರಿನ ಸ್ಪಂಜಿನಲ್ಲಿ, ಮರಳಿನಲ್ಲಿ, ಕಲ್ಲಿನ ಮೈಯಲ್ಲಿ ಮನೆ ಮಾಡಿಕೊಳ್ಳುತ್ತವೆ. ಹೊಸ ತೊಟ್ಟಿಯಲ್ಲಿ ಅವು ಸಾಕಷ್ಟು ಬೆಳೆಯಬೇಕಾದರೆ ನಾಲ್ಕರಿಂದ ಆರು ವಾರ ಬೇಕು. ಆದರೆ ತೊಟ್ಟಿಯನ್ನು ತಂದ ದಿನವೇ ಮೀನನ್ನೂ ಬಿಡುವವರು ನಮ್ಮಲ್ಲಿ ಹೆಚ್ಚು. ಎರಡನೆಯ ವಾರದಲ್ಲಿ ಮೀನುಗಳು ಒಂದೊಂದಾಗಿ ಸಾಯತೊಡಗಿದಾಗ “ಮೀನು ಒಳ್ಳೆಯದಿರಲಿಲ್ಲ” ಎನ್ನುತ್ತೇವೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಸುಳ್ಳಲ್ಲ.

ದಿನದ ಕೆಲಸ, ವಾರದ ಕೆಲಸ

ಈಗ ಗಡಿಯಾರವನ್ನು ನೋಡೋಣ. ಬೆಳಗ್ಗೆ ಐದು ನಿಮಿಷ: ಮೀನುಗಳನ್ನು ಎಣಿಸಬೇಕು. ಯಾವುದಾದರೂ ಮೂಲೆ ಸೇರಿದೆಯೇ, ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡುತ್ತಿದೆಯೇ, ಮೈಮೇಲೆ ಉಪ್ಪಿನ ಹರಳಿನಂತಹ ಬಿಳಿ ಚುಕ್ಕೆಗಳಿವೆಯೇ ಎಂದು ನೋಡಬೇಕು. ಫಿಲ್ಟರಿನಿಂದ ನೀರು ಸರಿಯಾಗಿ ಬೀಳುತ್ತಿದೆಯೇ ಎಂದೂ ಗಮನಿಸಬೇಕು. ಸಂಜೆ ಹತ್ತು ನಿಮಿಷ: ಆಹಾರ ಹಾಕಬೇಕು; ಎರಡು ಮೂರು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟು ಮಾತ್ರ. ಉಳಿದುದನ್ನು ಬಲೆಯಿಂದ ತೆಗೆಯಬೇಕು. ಅತಿಯಾದರೆ ಅಮೃತವೂ ವಿಷ ಎಂಬ ಮಾತನ್ನು ಮೀನಿನ ಆಹಾರದ ಡಬ್ಬಿಯ ಮೇಲೆ ಬರೆದಿಡಬೇಕು. ದೀಪವನ್ನು ದಿನಕ್ಕೆ ಏಳೆಂಟು ಗಂಟೆಗಿಂತ ಹೆಚ್ಚು ಉರಿಸಬಾರದು.

ಆದಿತ್ಯವಾರ ಒಂದೂಕಾಲು ಗಂಟೆ: ಗಾಜಿನ ಒಳಮೈಯ ಪಾಚಿ ತಿಕ್ಕಬೇಕು. ರಬ್ಬರ್ ಕೊಳವೆಯಿಂದ ತಳದ ಹೊಲಸನ್ನು ನೀರಿನೊಂದಿಗೆ ಹೊರಗೆಳೆಯಬೇಕು. ಹೀಗೆ ನಾಲ್ಕನೆಯ ಒಂದು ಪಾಲು, ಅಂದರೆ 50 ಲೀಟರು ನೀರು ತೆಗೆದು ಅಷ್ಟೇ ಹೊಸ ನೀರು ತುಂಬಬೇಕು. ಹತ್ತು ಲೀಟರಿನ ಬಾಲ್ದಿಯಲ್ಲಿ ಐದು ಸಲ ಹೊರಗೆ, ಐದು ಸಲ ಒಳಗೆ. ವರ್ಷಕ್ಕೆ 52 ವಾರ. ಒಳತಂದ ನೀರೇ 2600 ಲೀಟರು. ಎರಡೂವರೆ ಟನ್ನಿಗೂ ಮಿಕ್ಕಿದ ಆ ನೀರನ್ನು ಹೊತ್ತದ್ದು ಇದೇ ಎರಡು ಕೈಗಳು. ಆದರೆ ತೆಗೆದ ನೀರು ವ್ಯರ್ಥವಲ್ಲ. ನಮ್ಮ ಬಸಳೆ ಚಪ್ಪರದ ಸೊಗಸಿಗೆ ಅದೇ ಕಾರಣ.

ತಿಂಗಳಿಗೊಮ್ಮೆ ಒಂದು ಗಂಟೆ: ಫಿಲ್ಟರನ್ನು ಬಿಚ್ಚಿ ಸ್ಪಂಜನ್ನು ಹಿಂಡಬೇಕು. ಇದನ್ನು ನಳ್ಳಿ ನೀರಿನಲ್ಲಿ ತಿಕ್ಕಿ ತೊಳೆಯಬಾರದು. ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲಿಯೇ ಅದ್ದಿ ಹಿಂಡಬೇಕು. ಇಲ್ಲವಾದರೆ ಕಾಣದ ಕೆಲಸಗಾರರು ಸಾಯುತ್ತಾರೆ. ಗಿಡಗಳ ಒಣಗಿದ ಎಲೆಗಳನ್ನು ಕತ್ತರಿಸುವುದೂ ಆಗಲೇ.

ಒಟ್ಟು ಲೆಕ್ಕ ಹಾಕಿ. ದಿನಕ್ಕೆ 15 ನಿಮಿಷದಂತೆ ವರ್ಷಕ್ಕೆ 91 ಗಂಟೆ. ವಾರದ ಕೆಲಸ 65 ಗಂಟೆ. ತಿಂಗಳ ಕೆಲಸ 12 ಗಂಟೆ. ಕೂಡಿದರೆ 168 ಗಂಟೆ, ಅಂದರೆ ಹಗಲು ರಾತ್ರಿ ಸೇರಿ ಸರಿಯಾಗಿ ಏಳು ದಿನ. ವಿದ್ಯುತ್ತಿನ ಲೆಕ್ಕವೂ ಇರಲಿ. ಫಿಲ್ಟರು, ಗಾಳಿಯ ಪಂಪು ಸೇರಿ 25 ವ್ಯಾಟು, ಹಗಲೂ ರಾತ್ರಿ. 20 ವ್ಯಾಟಿನ ದೀಪ ಎಂಟು ಗಂಟೆ. ತಿಂಗಳಿಗೆ ಸುಮಾರು 23 ಯೂನಿಟು.

ಏಳು ದಿನವೇ? ಅದೇನು ಮಹಾ ಎನ್ನಬಹುದು. ಆದರೆ ಆ ಏಳು ದಿನಗಳನ್ನು ಒಟ್ಟಿಗೆ ಕೊಟ್ಟು ಮುಗಿಸುವಂತಿಲ್ಲ ಎಂಬಲ್ಲಿಯೇ ಇದರ ಕಷ್ಟವಿರುವುದು. ಅವನ್ನು ಚಿಲ್ಲರೆಯಾಗಿಯೇ, ತಪ್ಪದೆಯೇ ಕೊಡಬೇಕು. ಇದನ್ನು ನಾನು ಕಲಿತ ಬಗೆಯನ್ನು ಹೇಳುತ್ತೇನೆ.

ಎರಡು ಆದಿತ್ಯವಾರ

ತೊಟ್ಟಿ ಇಟ್ಟು ಎರಡನೆಯ ವರ್ಷದ ಜೂನ್ ತಿಂಗಳು. ಶಾಲೆ ಆರಂಭವಾದ ಗಡಿಬಿಡಿ, ಮನೆಯಲ್ಲಿ ಮದುವೆಯ ಓಡಾಟ. ಹೀಗೆ ಎರಡು ಆದಿತ್ಯವಾರ ನೀರು ಬದಲಾಯಿಸಲಿಲ್ಲ. ಮೀನುಗಳು ಎಂದಿನಂತೆ ಈಜುತ್ತಿದ್ದವು. ಮೂರನೆಯ ಆದಿತ್ಯವಾರ, ಬಾಕಿಯನ್ನೆಲ್ಲ ಒಮ್ಮೆಲೇ ತೀರಿಸುತ್ತೇನೆಂದು ಅರ್ಧಕ್ಕಿಂತ ಹೆಚ್ಚು ನೀರು ತೆಗೆದು, ಬಾವಿಯಿಂದ ಆಗಲೇ ಸೇದಿದ ನೀರನ್ನು ಸುರಿದೆ. ಮಳೆಗಾಲದ ಆರಂಭದಲ್ಲಿ ನಮ್ಮೂರಿನ ಬಾವಿಗಳಿಗೆ ಬ್ಲೀಚಿಂಗ್ ಪುಡಿ ಹಾಕುವುದು ನಿಮಗೆ ಗೊತ್ತಿದೆ. ಅಂದು ಬೆಳಗ್ಗೆ ನಮ್ಮ ಬಾವಿಗೂ ಹಾಕಿತ್ತು. ಹಾಕುವಾಗ ನಾನೇ ನಿಂತು ನೋಡಿದ್ದೆ. ನೋಡಿದ್ದೂ ಮರೆತೆ.

ಅರ್ಧ ಗಂಟೆಯೊಳಗೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡತೊಡಗಿದವು. ಕ್ಲೋರಿನ್ ಕಿವಿರನ್ನು ಸುಡುತ್ತದೆ. ಫಿಲ್ಟರಿನ ಬ್ಯಾಕ್ಟೀರಿಯವನ್ನೂ ಕೊಲ್ಲುತ್ತದೆ. ಮರುದಿನ ಬೆಳಗ್ಗೆ ಏಳು ಮೀನುಗಳು ಮಗುಚಿ ತೇಲುತ್ತಿದ್ದವು. ಅನಂತರದ ಮೂರು ದಿನಗಳಲ್ಲಿ ಇನ್ನೂ ನಾಲ್ಕು. ಸಣ್ಣವನಾಗಿದ್ದ ನನ್ನ ಮಗ ಅವುಗಳಿಗೆಲ್ಲ ಹೆಸರಿಟ್ಟಿದ್ದ. “ಅಮ್ಮ, ನೀರು ಚೊಕ್ಕ ಮಾಡಿದ್ದಲ್ಲವಾ? ಮತ್ತೆ ಯಾಕೆ ಸತ್ತವು?” ಎಂದು ಅವನು ಕೇಳಿದ. ತರಗತಿಯಲ್ಲಿ ನಲವತ್ತು ಮಕ್ಕಳಿಗೆ ಉತ್ತರ ಹೇಳುವ ನನಗೆ ಅವನೊಬ್ಬನಿಗೆ ಉತ್ತರ ಹೇಳಲಾಗಲಿಲ್ಲ. ನೀರು ಚೊಕ್ಕವಾಗಿತ್ತು, ನಿಜ. ನಮಗೆ ಕುಡಿಯುವಷ್ಟು ಚೊಕ್ಕವಾಗಿತ್ತು, ಮೀನಿಗೆ ಬದುಕುವಷ್ಟಲ್ಲ.

ಅಂದಿನಿಂದ ಶನಿವಾರ ಸಂಜೆಯೇ ಐದು ಬಾಲ್ದಿ ನೀರನ್ನು ಸೇದಿ ಬಾಯಿ ತೆರೆದಿಡುತ್ತೇನೆ. ಒಂದು ಹಗಲು ಒಂದು ರಾತ್ರಿ ತೆರೆದಿಟ್ಟರೆ ಕ್ಲೋರಿನ್ ಬಹುಮಟ್ಟಿಗೆ ಹಾರಿಹೋಗುತ್ತದೆ. ನೀರಿನ ಬಿಸಿಯೂ ತೊಟ್ಟಿಯದಕ್ಕೆ ಸರಿಹೊಂದುತ್ತದೆ. ಬಾವಿಗೆ ಪುಡಿ ಹಾಕಿದ ವಾರ ಸೋಡಿಯಂ ಥಯೋಸಲ್ಫೇಟನ್ನು ಅಳತೆಯಂತೆ ಬೆರೆಸುತ್ತೇನೆ. ಹಿಂದೆ ಫೋಟೋ ತೊಳೆಯುವವರು ‘ಹೈಪೋ’ ಎಂದು ಬಳಸುತ್ತಿದ್ದುದು ಇದನ್ನೇ. ಕ್ಲೋರಿನ್ನಿನ ವಿಷವನ್ನು ಇದು ಕೂಡಲೇ ಕಳೆಯುತ್ತದೆ. ಯಾವುದಾದರೂ ವಾರ ತಪ್ಪಿಹೋದರೆ ಮುಂದಿನ ವಾರ ಎರಡು ಪಾಲು ತೆಗೆಯುವುದಿಲ್ಲ. ಒಂದೇ ಪಾಲು ತೆಗೆದು, ಎರಡು ದಿನ ಬಿಟ್ಟು ಇನ್ನೊಂದು ಪಾಲು ತೆಗೆಯುತ್ತೇನೆ. ವರ್ಷವಿಡೀ ಓದದೆ ಪರೀಕ್ಷೆಯ ಮುನ್ನಾದಿನ ನಿದ್ದೆಗೆಟ್ಟು ಓದುವವರಿಗೆ ಈ ಮಾತು ಹೆಚ್ಚು ವಿವರಿಸಬೇಕಾಗಿಲ್ಲ.

ಕರೆಂಟು ಹೋದಾಗ, ಊರಿಗೆ ಹೋದಾಗ

ಮಳೆಗಾಲದ ಗಾಳಿಗೆ ತೆಂಗಿನ ಮಡಲು ತಂತಿಯ ಮೇಲೆ ಬಿದ್ದರೆ ರಾತ್ರಿಯಿಡೀ ಕರೆಂಟಿಲ್ಲ. ಫಿಲ್ಟರು ನಿಂತರೆ ನೀರಿನ ಚಲನೆ ನಿಲ್ಲುತ್ತದೆ, ಆಮ್ಲಜನಕ ಕಡಿಮೆಯಾಗುತ್ತದೆ. ಮೊದಲ ವರ್ಷ ಅಂತಹ ಒಂದು ರಾತ್ರಿ ಚಿಮಿಣಿ ದೀಪ ಹಚ್ಚಿಟ್ಟು, ಗಂಟೆಗೊಮ್ಮೆ ಎದ್ದು ಚೆಂಬಿನಿಂದ ನೀರನ್ನು ಮೊಗೆದು ಎತ್ತರದಿಂದ ಹೊಯ್ದದ್ದು ನೆನಪಿದೆ. ಈಗ ಬ್ಯಾಟರಿಯಿಂದ ನಡೆಯುವ ಗಾಳಿಯ ಪಂಪು ಸಿಗುತ್ತದೆ. ಮೀನು ಕೊಳ್ಳುವ ಮೊದಲು ಕೊಳ್ಳಬೇಕಾದ ವಸ್ತು ಅದು.

ರಜೆಯಲ್ಲಿ ಊರಿಗೆ ಹೋದರೆ? ಎರಡು ಮೂರು ದಿನ ಉಪವಾಸವಿದ್ದರೆ ಬೆಳೆದ ಮೀನಿಗೆ ಏನೂ ಆಗದು. ಹೆಚ್ಚು ದಿನ ಹೋಗುವುದಾದರೆ ದಿನಕ್ಕೊಂದರಂತೆ ಆಹಾರವನ್ನು ಪೊಟ್ಟಣ ಕಟ್ಟಿ ನೆರೆಮನೆಯವರಿಗೆ ಕೊಡಬೇಕು, ಹೋಮಿಯೋಪತಿ ಮದ್ದು ಕೊಟ್ಟಂತೆ. ಡಬ್ಬಿಯನ್ನೇ ಕೊಟ್ಟರೆ ಪ್ರೀತಿಯಿಂದಲೇ ಹೆಚ್ಚು ಹಾಕುತ್ತಾರೆ. ಹಸಿವಿನಿಂದ ಸಾಯುವ ಮೀನಿಗಿಂತ ಪ್ರೀತಿಯಿಂದ ಸಾಯುವ ಮೀನೇ ಹೆಚ್ಚು.

ಇನ್ನೊಂದು ಮಾತು. ನಮ್ಮ ಪಯಸ್ವಿನಿ ಹೊಳೆಯಲ್ಲಿ ಕೆಂಪು ಗೆರೆಯ ಸುಂದರವಾದ ಮೀನೊಂದಿದೆ. ಪೇಟೆಯಲ್ಲಿ ಅದನ್ನು ‘ಮಿಸ್ ಕೇರಳ’ ಎನ್ನುತ್ತಾರೆ. ಪಶ್ಚಿಮಘಟ್ಟದ ಹೊಳೆಗಳಲ್ಲಲ್ಲದೆ ಬೇರೆಲ್ಲೂ ಹುಟ್ಟದ ಈ ಮೀನು, ತೊಟ್ಟಿಗಳಿಗಾಗಿ ಹಿಡಿದು ಹಿಡಿದೇ ಅಳಿವಿನ ಭಯಕ್ಕೆ ಒಳಗಾಗಿದೆ. ಅದನ್ನು ಹೊಳೆಯಿಂದ ಹಿಡಿದು ತರಬೇಡಿ. ಹಾಗೆಯೇ ಬೇಸರವಾಯಿತೆಂದು ತೊಟ್ಟಿಯ ಮೀನನ್ನು ಹೊಳೆಗೋ ಕೆರೆಗೋ ಬಿಡಬೇಡಿ. ಗಾಜಿಗೆ ಬಾಯಿ ಅಂಟಿಸಿಕೊಳ್ಳುವ ದಕ್ಷಿಣ ಅಮೆರಿಕದ ಮೀನು ಹೀಗೆ ಬಿಟ್ಟವರಿಂದಾಗಿಯೇ ಕೇರಳದ ನೀರುಗಳಲ್ಲಿ ಹಬ್ಬಿ, ಇಲ್ಲಿನ ಮೀನುಗಳಿಗೆ ಕಂಟಕವಾಗಿದೆ.

ಕೊನೆಯ ಪರೀಕ್ಷೆ

ಚೆನ್ನಾಗಿ ನೋಡಿಕೊಂಡರೆ ಗೋಲ್ಡ್‌ಫಿಶ್ ಹತ್ತು ವರ್ಷಕ್ಕೂ ಹೆಚ್ಚು ಬದುಕುತ್ತದೆ. ಎಂಟನೆಯ ತರಗತಿಯಲ್ಲಿ ನೀವು ಕೊಂಡ ಮೀನು ನೀವು ಕಾಲೇಜು ಮುಗಿಸಿ ಕೆಲಸಕ್ಕೆ ಸೇರುವಾಗಲೂ ಅದೇ ಗಾಜಿನ ಹಿಂದೆ ಸಂಜೆಯ ಊಟಕ್ಕೆ ಕಾಯುತ್ತಿರಬಹುದು. ಆಗ ಊಟ ಹಾಕುವವರು ಯಾರು? ನಿಮ್ಮ ಅಮ್ಮನೇ? ಅವರನ್ನು ಕೇಳಿದ್ದೀರಾ?

ಹಾಗೆಂದು ಮೀನು ಸಾಕಬೇಡಿ ಎಂದು ನಾನು ಹೇಳುವುದಿಲ್ಲ. ಒಂದು ಪರೀಕ್ಷೆಯನ್ನು ಮಾತ್ರ ಹೇಳುತ್ತೇನೆ. ಬ್ಯಾಕ್ಟೀರಿಯ ಬೆಳೆಯಲು ಹೇಗೂ ಆರು ವಾರ ಬೇಕಲ್ಲ? ಆ ಆರು ವಾರ ತೊಟ್ಟಿಯಲ್ಲಿ ನೀರು, ಮರಳು, ಗಿಡಗಳು ಮಾತ್ರ ಇರಲಿ, ಮೀನು ಬೇಡ. ದಿನವೂ ಒಂದು ಚಿಟಿಕೆ ಮೀನಿನ ಆಹಾರ ಹಾಕಿ. ಅದು ಕೊಳೆತು ಬರುವ ಅಮೋನಿಯವೇ ಬ್ಯಾಕ್ಟೀರಿಯಗಳಿಗೆ ಊಟ. ದಿನಕ್ಕೆ ಹದಿನೈದು ನಿಮಿಷ ಅದರ ಮುಂದೆ ಕಳೆಯಿರಿ. ಆದಿತ್ಯವಾರ ಐದು ಬಾಲ್ದಿ ಹೊರಿ. ಅಂಗಡಿಯಲ್ಲಿ ಸಿಗುವ ಪರೀಕ್ಷಾ ಕಾಗದವನ್ನು ನೀರಿಗೆ ಅದ್ದಿ, ಬಣ್ಣ ನೋಡಿ, ಪುಸ್ತಕದಲ್ಲಿ ಬರೆದಿಡಿ. ಈಜುವುದು ಏನೂ ಇಲ್ಲದ, ಬಂದವರು ಯಾರೂ ಹೊಗಳದ ಬರಿಯ ನೀರನ್ನು ಆರು ವಾರ ತಪ್ಪದೆ ನೋಡಿಕೊಂಡವರು ಅಂಗಡಿಗೆ ಹೋಗಿ ಮೀನು ತರಬಹುದು. ಅಮೋನಿಯವೂ ನೈಟ್ರೈಟೂ ಸೊನ್ನೆಗೆ ಇಳಿದುದನ್ನು ಕಾಗದ ತೋರಿಸುತ್ತದೆ. ನಿಮ್ಮಿಂದಾಗುತ್ತದೆಯೇ ಇಲ್ಲವೇ ಎಂಬುದನ್ನು ಆ ಪುಸ್ತಕದ ಖಾಲಿ ಬಿಟ್ಟ ದಿನಗಳು ತೋರಿಸುತ್ತವೆ.

ನನ್ನ ಮಗ ಈಗ ಎತ್ತರಕ್ಕೆ ಬೆಳೆದಿದ್ದಾನೆ. ಶನಿವಾರ ಸಂಜೆ ನಾನು ಶಾಲೆಯ ಕೆಲಸ ಮುಗಿಸಿ ಬರುವುದು ತಡವಾದರೆ, ಚಾವಡಿಯಲ್ಲಿ ಐದು ಬಾಲ್ದಿ ನೀರು ಸಾಲಾಗಿ ಬಾಯಿ ತೆರೆದು ನಿಂತಿರುತ್ತದೆ. ಮೀನುಗಳಿಗೆ ಅವನು ಈಗ ಹೆಸರಿಡುವುದಿಲ್ಲ. ಆದರೆ ಬೆಳಗ್ಗೆ ಎದ್ದ ಕೂಡಲೇ ಎಣಿಸುತ್ತಾನೆ.